ಬೀಗ ತೆಗೆಯುವ ಆಟ

ರಜೆ ಬಂತೆಂದರೆ ಮಕ್ಕಳ ಕೈಯಿಂದ ಮೊಬೈಲು ಬಿಡಿಸುವುದೇ ಪಾಲಕರಿಗೆ ದೊಡ್ಡ ಕೆಲಸ. ಬಿಡಿಸಿದ ಮೇಲೆ ಆ ಕೈಗೆ ಏನು ಕೊಡಬೇಕು ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ಯಳವತ್ತಿಯಂಥ ಊರಿನಲ್ಲಿ ಇದಕ್ಕೆ ಒಂದು ಹಳೆಯ ಟ್ರಂಕು, ಮೂರು ಅಂಕಿಯ ಬೀಗ ಮತ್ತು ನಾಲ್ಕು ಚೀಟಿ ಸಾಕು.

ಕೋಣೆಯೊಂದರಲ್ಲಿ ಸುಳಿವುಗಳನ್ನು ಬಿಡಿಸಿ, ಗಂಟೆಯೊಳಗೆ ಹೊರಬರುವ ಆಟವನ್ನು 2007ರಲ್ಲಿ ಜಪಾನಿನ ಕ್ಯೋಟೊದಲ್ಲಿ ತಕಾವೊ ಕಾಟೊ ಎಂಬುವರು ಆರಂಭಿಸಿದರು. ಅದು ಊರೂರಿಗೆ ಹಬ್ಬಿತು. 2016ರಲ್ಲಿ ಜರ್ಮನಿಯ ಇಂಕಾ ಮತ್ತು ಮಾರ್ಕುಸ್ ಬ್ರಾಂಡ್ ದಂಪತಿ ಇದನ್ನೇ ಪುಟ್ಟ ಪೆಟ್ಟಿಗೆಗೆ ಇಳಿಸಿ ‘ಎಕ್ಸಿಟ್’ ಎಂದು ಹೊರತಂದರು. ಮರುವರ್ಷ ಅದಕ್ಕೆ ಅಲ್ಲಿನ ಹೆಸರಾಂತ ಆಟದ ಪ್ರಶಸ್ತಿಯೂ ಬಂತು. ಮೇಜಿನ ಮೇಲೆ ಚಿತ್ರ, ಎಲೆ, ಸಂಕೇತದ ಚಕ್ರ ಹರಡಿಕೊಂಡು ಆಡುವ ಆಟವಿದು. ಆಡುತ್ತ ಆಡುತ್ತ ಕಾಗದ ಮಡಿಸಬೇಕು, ಕತ್ತರಿಸಬೇಕು. ಒಮ್ಮೆ ಆಡಿದರೆ ಪೆಟ್ಟಿಗೆಯ ಕಥೆ ಮುಗಿಯಿತು. ಹೀಗಿರುವಾಗ ಕೊಳ್ಳುವುದಕ್ಕಿಂತ ಮನೆಯಲ್ಲೇ ಕಟ್ಟುವುದು ಮೇಲು.

ಕಟ್ಟುವುದು ಹೇಗೆ? ಮೊದಲ ಚೀಟಿ ಸಂತೆಯ ಪಟ್ಟಿಯಾಗಿರಲಿ. ಸಕ್ಕರೆ, ಮಡಕಿ ಕಾಳು, ಬೆಲ್ಲ, ರವೆ, ಶೇಂಗಾ. ಎಲ್ಲಕ್ಕೂ ಒಂದು ಕಿಲೋ, ಮಡಕಿ ಮತ್ತು ರವೆಗೆ ಮಾತ್ರ ಕಾಲು ಕಿಲೋ. ಬೇರೆಯಾದ ಎರಡರ ಮೊದಲ ಅಕ್ಷರ ಕೂಡಿಸಿದರೆ ‘ಮರ’. ಅವಸರದ ಹುಡುಗ ಅಂಗಳದ ಬೇವಿನ ಮರಕ್ಕೆ ಓಡುತ್ತಾನೆ. ಕಾಳು ಹಸನು ಮಾಡುವ ಅವ್ವನ ಮರ ಅಡುಗೆಮನೆಯ ಗೋಡೆಗೆ ತೂಗುಬಿದ್ದಿರುವುದು ಚಿಕ್ಕವಳ ಕಣ್ಣಿಗೆ ಬಿದ್ದರೂ ಬಿದ್ದೀತು. ಪರೀಕ್ಷೆಯಲ್ಲಿ ಹಿಂದೆ ಬೀಳುವ ಮಗು ಮನೆಯವರೆದುರು ಮುಂದೆ ಬರುವ ಗಳಿಗೆ ಇಂಥದ್ದು.

ಮರದ ಹಿಂದೆ ಎರಡನೆಯ ಚೀಟಿ: 152207ನ್ನು 73ರಿಂದ ಗುಣಿಸಿ, ಉತ್ತರದಲ್ಲಿ ಎಷ್ಟು ಒಂದುಗಳಿವೆ ಎಣಿಸಿ. ಉತ್ತರ 11111111. ಎಂಟು ಒಂದುಗಳು, ಅಂದರೆ ಸಾಲಿನ ಎಂಟನೆಯ ಡಬ್ಬಿ. ಈ ಲೆಕ್ಕ ಹೊಸದೇನಲ್ಲ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಕೊರಳಹಾರದಂತೆ ಕಾಣುವ ಇಂಥ ಗುಣಲಬ್ಧಗಳನ್ನು ಕೊಟ್ಟಿದ್ದಾನೆ. ಗಣಿತ ಬೇಸರವೆನ್ನುವ ಮಕ್ಕಳಿಗೆ ಆತ ಸಾವಿರ ವರ್ಷದ ಹಿಂದೆಯೇ ಮದ್ದು ಅರೆದಿಟ್ಟಿದ್ದ.

ಡಬ್ಬಿಯಲ್ಲಿ ಕೊನೆಯ ಚೀಟಿ: ‘ಲಕ್ಷ್ಮೇಶ್ವರದ ಹಳೆಯ ಹೆಸರೇನು? ಶಾಸನಗಳಲ್ಲಿ ಆ ಹೆಸರಿನ ಬೆನ್ನಿಗೆ ಬರುವ ಸಂಖ್ಯೆ ಯಾವುದು?’ ಇಲ್ಲಿ ಅಜ್ಜನನ್ನೋ ಶಾಲೆಯ ಗುರುಗಳನ್ನೋ ಕೇಳದೆ ದಾರಿಯಿಲ್ಲ. ಪುಲಿಗೆರೆ ಮುನ್ನೂರು. ಬೀಗಕ್ಕೆ 300 ಕೂಡಿಸಿದರೆ ಟ್ರಂಕು ತೆರೆಯುತ್ತದೆ. ಒಳಗೆ ಶೇಂಗಾ ಉಂಡಿ ಇಟ್ಟರೆ ಸಾಕು, ಬೇರೆ ಬಹುಮಾನ ಬೇಡ. ಕವಿರಾಜಮಾರ್ಗ ತಿರುಳ್ಗನ್ನಡದ ನಾಡೆಂದು ಹೆಸರಿಸಿದ ಊರುಗಳಲ್ಲಿ ಈ ಪುಲಿಗೆರೆಯೂ ಒಂದು ಎಂಬುದನ್ನು ಉಂಡಿ ತಿನ್ನುವಾಗ ಹೇಳಬಹುದು.

ಈ ಆಟವನ್ನು ಕೆಡಿಸುವವರು ಹೆಚ್ಚಾಗಿ ದೊಡ್ಡವರೇ. ಮಗು ಎರಡು ನಿಮಿಷ ಸುಮ್ಮನೆ ಕೂತರೆ ಅಪ್ಪನಿಗೆ ತಡೆಯಲಾಗದು, ಉತ್ತರ ಬಾಯಿಗೆ ಬಂದೇ ಬಿಡುತ್ತದೆ. ‘ಎಕ್ಸಿಟ್’ ಆಟದಲ್ಲಿ ಇದಕ್ಕೊಂದು ಜಾಣ ಉಪಾಯವಿದೆ. ಪ್ರತಿ ಒಗಟಿಗೂ ಸಹಾಯದ ಎಲೆಗಳುಂಟು. ಮೊದಲನೆಯದು ಯಾವ ಯಾವ ವಸ್ತು ಬೇಕೆಂದು ಮಾತ್ರ ಹೇಳುತ್ತದೆ, ಎರಡನೆಯದು ದಾರಿ ತೋರಿಸುತ್ತದೆ, ಉತ್ತರ ಕೊನೆಯದರಲ್ಲಿ. ಮನೆಯಲ್ಲೂ ಹಾಗೇ ಬರೆದಿಟ್ಟು, ಮಕ್ಕಳು ಕೇಳಿದಾಗಷ್ಟೇ ಒಂದೊಂದಾಗಿ ಕೊಡಬೇಕು. ಕೇಳದಿದ್ದರೆ ಅರ್ಧ ತಾಸು ತಲೆ ಕೆರೆದುಕೊಳ್ಳಲಿ, ನಷ್ಟವಿಲ್ಲ.

ಬೀಗ ಟ್ರಂಕಿಗಷ್ಟೇ. ಆಟಕ್ಕೆಂದು ಮಕ್ಕಳನ್ನು ಕೋಣೆಯಲ್ಲಿ ಕೂಡಿಹಾಕುವುದು ಬೇಡವೇ ಬೇಡ. 2019ರ ಜನವರಿಯಲ್ಲಿ ಪೋಲೆಂಡಿನ ಕೊಶಾಲಿನ್ ಪಟ್ಟಣದ ಇಂಥ ಆಟದ ಕೋಣೆಯಲ್ಲಿ ಬೆಂಕಿ ಬಿದ್ದಾಗ ಹೊರಬರಲಾಗದೆ ಐವರು ಬಾಲಕಿಯರು ಸತ್ತರು. ಹುಟ್ಟುಹಬ್ಬ ಆಚರಿಸಲು ಹೋದವರು ಅವರು. ಮಕ್ಕಳು ಟ್ರಂಕಿನೊಳಗೆ ಇಳಿಯದಂತೆಯೂ ನೋಡಿಕೊಳ್ಳಬೇಕು. ಚಿಕ್ಕ ಪೆಟ್ಟಿಗೆಯಾದರೆ ಆ ಚಿಂತೆಯೂ ಇಲ್ಲ.

ಮುಂದಿನ ಭಾನುವಾರ ಬೀಗ ಹಾಕುವ ಸರದಿ ಮಕ್ಕಳದು, ಹುಡುಕುವವರು ಅಪ್ಪ-ಅವ್ವ. ಒಗಟು ಬಿಡಿಸುವುದಕ್ಕಿಂತ ಕಟ್ಟುವುದು ಕಷ್ಟವೆಂದು ಆಗ ಗೊತ್ತಾಗುತ್ತದೆ. ಹೊಸ ಸಂಖ್ಯೆ ಕೂಡಿಸುವ ಮುನ್ನ ಅದನ್ನು ಅಜ್ಜಿಯ ಕಿವಿಯಲ್ಲಿ ಹೇಳಿಡಲಿ. ಬೀಗ ಹಾಕಿದವರೇ ಸಂಖ್ಯೆ ಮರೆತರೆ ಮನೆಯಲ್ಲಿ ಸುತ್ತಿಗೆ ಹುಡುಕಬೇಕಾದೀತು.