ರಾಜ್ಯದ ಋಣ ಮತ್ತು ಕ್ಷಮಾಯಾಚನೆ

ಹೊಲದೊಡನೆ ಸಾಲವೂ ಮಗನಿಗೆ ಬರುವುದು ಲೋಕರೂಢಿ. ರಾಜ್ಯಕ್ಕೂ ಈ ನ್ಯಾಯ ಸಲ್ಲಬೇಡವೇ?

1871ರಲ್ಲಿ ಆಂಗ್ಲ ಪ್ರಭುತ್ವವು ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ತಂದು ಹುಟ್ಟನ್ನೇ ಅಪರಾಧವೆಂದು ಬಗೆಯಿತು. ತರುವಾಯ ಮುಂಬಯಿ ಪ್ರಾಂತದಲ್ಲಿ ಕೊರವರು, ಹರಣಶಿಕಾರಿಗಳು, ಗಂಟಿಚೋರರು ಮೊದಲಾದವರನ್ನು ‘ಸೆಟ್ಲಮೆಂಟು’ಗಳಲ್ಲಿರಿಸಿ, ಹಾಜರಿ-ಪರವಾನಗಿಗಳ ಕಟ್ಟಿಗೊಳಪಡಿಸಲಾಯಿತು. ಗದಗ-ಬೆಟಗೇರಿಯಲ್ಲಿಯೂ ಅಂಥದೊಂದಿದ್ದಿತು, ಆ ಹೆಸರು ಇಂದಿಗೂ ಜನರ ನಾಲಗೆಯಲ್ಲಿದೆ. ಮಕ್ಕಳನ್ನು ಹೆತ್ತವರಿಂದ ಅಗಲಿಸಲೂ ಆ ಕಾಯಿದೆಯ ತಿದ್ದುಪಡಿಗಳು ಅಧಿಕಾರವಿತ್ತವು.

1952ರಲ್ಲಿ ಕಾಯಿದೆ ರದ್ದಾಯಿತು, ಕಳಂಕ ಅಳಿಯಲಿಲ್ಲ. ಈ ಸಮುದಾಯಗಳನ್ನು ಕೀಳಾಗಿ ಕಾಣುತ್ತಿದ್ದ ಸೆರೆಮನೆಯ ನಿಯಮಗಳನ್ನು ಸುಪ್ರೀಂ ಕೋರ್ಟು ತೊಡೆದುಹಾಕಿದ್ದು 2024ರಲ್ಲಿ.

‘ತಪ್ಪು ಪರಕೀಯರದು, ಕ್ಷಮೆ ನಮ್ಮದೇಕೆ?’ ಎಂಬ ವಾದವುಂಟು. ಆದರೆ ಅವರ ಕಚೇರಿ, ದಫ್ತರ, ಪೋಲೀಸು ವ್ಯವಸ್ಥೆಗಳನ್ನು ಪಡೆದ ರಾಜ್ಯವು ಋಣವನ್ನು ಮಾತ್ರ ಒಲ್ಲೆನೆನ್ನಲಾಗದು. ಹೆತ್ತವರಿಂದ ಅಗಲಿಸಿದ ಆದಿವಾಸಿ ಮಕ್ಕಳ ವಿಷಯದಲ್ಲಿ ಆಸ್ಟ್ರೇಲಿಯಾದ ಪ್ರಧಾನಿ 2008ರಲ್ಲಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಅದೇ ವರ್ಷ ಕೆನಡಾದ ಪ್ರಧಾನಿಯೂ ಆದಿವಾಸಿಗಳ ಕ್ಷಮೆ ಕೇಳಿದರು. ಅದರಿಂದ ಆ ರಾಷ್ಟ್ರಗಳ ಗೌರವವೇನೂ ಕುಂದಲಿಲ್ಲ.

ಬರಿಯ ಮಾತಿನಿಂದ ಹೊಟ್ಟೆ ತುಂಬದೆಂಬುದು ದಿಟ. ಆದರೂ ತಪ್ಪನ್ನೊಪ್ಪದೆ ಕೊಟ್ಟ ನಿವೇಶನ, ವಿದ್ಯಾರ್ಥಿವೇತನಗಳು ಭಿಕ್ಷೆಯೆನಿಸುತ್ತವೆ. ಒಪ್ಪಿ ಕೊಟ್ಟರೆ ಅವು ಸಲ್ಲಬೇಕಾದ ಬಾಕಿ. ಆದುದರಿಂದ ಶಾಸನಸಭೆಯಲ್ಲಿಯೇ ಸರಕಾರವು ಕ್ಷಮೆ ಕೇಳುವುದು ಯುಕ್ತ.

ಸರಕಾರದ ಮೇಲೆ ಭಾರ ಹೊರಿಸಿ ಸಮಾಜವು ಸುಮ್ಮನಿರಲಾಗದು. ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರಗಳ ಯಾವ ತರಗತಿಯಲ್ಲಾಗಲಿ, ಲೇಖನಿಯೊಂದು ಕಳೆದಾಗ ಗುರುವಿನ ದೃಷ್ಟಿ ಮೊದಲು ಈ ಕುಲಗಳ ಮಗುವಿನತ್ತ ಹೊರಳಿದರೆ, 1871ರ ಕಾಯಿದೆ ಅಲ್ಲಿನ್ನೂ ಜಾರಿಯಲ್ಲಿದೆಯೆಂದೇ ತಿಳಿಯಬೇಕು.