ಸಾವಿರದ ನಲವತ್ತು ಕಿಲೋಮೀಟರು ಮತ್ತು ಡಬ್ಬಿ

ಡಿಸೆಂಬರ್ ಬಂತು ಅಂದ್ರೆ ನಮಗೆಲ್ಲ ವರ್ಷದ ಲೆಕ್ಕ ಬರೆಯೋ ಹುಚ್ಚು. ಇಷ್ಟು ಕಿಲೋಮೀಟರ್ ಓಡಿದೆ, ಇಷ್ಟು ಬೆಟ್ಟ ಹತ್ತಿದೆ, ಮನೆಯವರನ್ನ ಇಷ್ಟು ಊರಿಗೆ ಕರ್ಕೊಂಡು ಹೋದೆ.. ಹೀಗೆ. ನಾನೂ ವರ್ಷ ಮುಗಿಯೋಕೆ ಎರಡು ವಾರ ಇರುವಾಗಲೇ ಬರೆದಿಟ್ಟುಕೊಂಡಿದ್ದೆ. ಓಟ 1,040 ಕಿಮೀ. ಬೆಟ್ಟ ಐದು. ಕುಟುಂಬ ಪ್ರವಾಸ ಮೂರು. ಶೂ ಫೋಟೋ ಒಂದು ಹಾಕಿಬಿಟ್ಟರೆ ಮುಗೀತು ಅಂದುಕೊಂಡಿದ್ದೆ.

ರಾತ್ರಿ ಊಟ ಆದ್ಮೇಲೆ ಹೆಂಡತಿಗೆ ಓದಿ ಹೇಳಿದೆ. ಪಾತ್ರೆ ಒರೆಸ್ತಾನೇ ಕೇಳಿಸಿಕೊಂಡಳು.

"ರೀ, ಇದರಲ್ಲಿ ಡಬ್ಬಿ ಎಷ್ಟು ಅಂತ ಬರ್ದೇ ಇಲ್ವಲ್ಲ?"

"ಯಾವ ಡಬ್ಬಿ?"

"ನೀವು ಓಡ್ತಿದ್ದಾಗ ನಾನು ಕಟ್ಟಿದ್ದು."

ಅಷ್ಟೇ ಹೇಳಿದ್ದು. ಜಗಳ ಇಲ್ಲ, ಮುಖ ಊದಿಸಿಕೊಂಡಿದ್ದೂ ಇಲ್ಲ. ಹೋಗಿ ಮಲಗಿದಳು. ನನಗೆ ಮಾತ್ರ ನಿದ್ದೆ ಹತ್ತಲಿಲ್ಲ. ಎದ್ದು ಕೂತು ಇನ್ನೊಂದು ಲೆಕ್ಕ ಹಾಕಿದೆ.

ವಾರಕ್ಕೆ ನಾಲ್ಕು ದಿನ, ದಿನಕ್ಕೆ ಐದು ಕಿಮೀ. ಕಿಮೀಗೆ ಏಳು ನಿಮಿಷ ಅಂದ್ರೆ ಓಟ 35 ನಿಮಿಷ. ಆದ್ರೆ ಶೂ ಹಾಕಿಕೊಳ್ಳೋದು, ಮೈ ಬಿಸಿ ಮಾಡೋದು, ಬಂದು ಕೈಕಾಲು ಎಳೆಯೋದು, ಪೇಪರ್ ನೋಡ್ತಾ ಬೆವರು ಆರಿಸೋದು, ಸ್ನಾನ.. ಎಲ್ಲ ಸೇರಿ ಒಂದೂಕಾಲು ಗಂಟೆ. ವರ್ಷಕ್ಕೆ 208 ಬೆಳಗ್ಗೆ. ಒಟ್ಟು 260 ಗಂಟೆ. ದಿನಕ್ಕೆ ಎಂಟು ಗಂಟೆಯ ಕೆಲಸ ಅಂತ ಹಿಡಿದ್ರೂ 32 ದಿನ ದಾಟುತ್ತೆ!

ಈ 260 ಗಂಟೆ ಎಲ್ಲಿಂದ ಬಂತು? ಆಕಾಶದಿಂದ ಉದುರಲಿಲ್ಲ. ಆ ಒಂದೂಕಾಲು ಗಂಟೆಯಲ್ಲಿ ನಮ್ಮ ಮನೇಲಿ ಹಾಲು ಕಾಯ್ತಿತ್ತು, ಮಗಳು ಎದ್ದು ಜಡೆ ಹಾಕಿಸಿಕೊಳ್ತಿದ್ದಳು, ಅಮ್ಮನಿಗೆ ಮಾತ್ರೆ ಸಿಗ್ತಿತ್ತು, ಏಳೂವರೆ ವ್ಯಾನಿಗೆ ಡಬ್ಬಿ ರೆಡಿಯಾಗ್ತಿತ್ತು. ಇಷ್ಟೂ ಮಾಡಿದವಳಿಗೆ ಒಂಬತ್ತಕ್ಕೆ ನನ್ನ ಹಾಗೇ ಆಫೀಸೂ ಇತ್ತು.

ಹಾಗಾಗಿ ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾವು ಗಂಡಸರು ಬರೆಯೋ ವರ್ಷದ ಲೆಕ್ಕ ಕಳ್ಳ ಲೆಕ್ಕ. ಜಮಾ ನಮ್ಮ ಹೆಸರಲ್ಲಿ ಬರ್ಕೊಂಡು, ಖರ್ಚನ್ನ ಬೇರೆಯವರ ಖಾತೆಗೆ ಹಾಕಿರ್ತೀವಿ.

ನಮ್ಮನೆ ಕಥೆ ಒಂದೇ ಅಲ್ಲ. ಕೇಂದ್ರ ಸರ್ಕಾರ ಸಮಯ ಬಳಕೆ ಸಮೀಕ್ಷೆ ಅಂತ ಮಾಡುತ್ತೆ. 2019ರಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ ಕೊಡ್ತಿದ್ರು, ಗಂಡಸರು 97. 2024ರಲ್ಲಿ ಹೆಂಗಸರದ್ದು 289, ಗಂಡಸರದ್ದು 88. ಅದೂ ಮನೆಗೆಲಸ ಮಾಡಿದ ಗಂಡಸರದ್ದು ಮಾತ್ರ, ಏನೂ ಮಾಡದವರು ಈ ಸರಾಸರಿಗೆ ಸೇರೇ ಇಲ್ಲ. ತಮಾಷೆ ನೋಡಿ.. ಐದು ವರ್ಷದಲ್ಲಿ ಅವರದ್ದು ಹತ್ತು ನಿಮಿಷ ಕಮ್ಮಿ ಆಯ್ತು, ನಮ್ಮದು ಒಂಬತ್ತು ನಿಮಿಷ ಕಮ್ಮಿ ಆಯ್ತು. ಅವರಿಗೆ ಮಿಕ್ಸಿ, ಕುಕ್ಕರ್ರು ಸಹಾಯ ಮಾಡಿರಬಹುದು. ನಾವಂತೂ ಮಾಡಿಲ್ಲ.

"ಅವಳೂ ಓಡಲಿ, ಯಾರು ಬೇಡ ಅಂದ್ರು?" ಈ ಮಾತು ನಾನೇ ನೂರು ಸಲ ಹೇಳಿದ್ದೀನಿ. ಬಹಳ ಉದಾರವಾಗಿ ಕೇಳಿಸುತ್ತೆ, ಅಲ್ವಾ? ಒಲಿಂಪಿಕ್ಸಿನಲ್ಲಿ ಗಂಡಸರ ಮ್ಯಾರಥಾನ್ ಶುರುವಾಗಿದ್ದು 1896ರಲ್ಲಿ. ಹೆಂಗಸರಿಗೆ ಅದು ಸಿಕ್ಕಿದ್ದು 1984ರಲ್ಲಿ, 88 ವರ್ಷ ಆದ್ಮೇಲೆ. 1967ರಲ್ಲಿ ಬಾಸ್ಟನ್ ಮ್ಯಾರಥಾನಿನಲ್ಲಿ ಕ್ಯಾಥರಿನ್ ಸ್ವಿಟ್ಜರ್ ಓಡ್ತಿದ್ದಾಗ ಸಂಘಟಕರೊಬ್ಬರು ಓಡಿಬಂದು ಆಕೆಯ ನಂಬರ್ ಚೀಟಿ ಕಿತ್ತುಕೊಳ್ಳೋಕೆ ಹೋಗಿದ್ರು. ಅವತ್ತು ತಡೆಯೋರು ರಸ್ತೆಯಲ್ಲಿ ಕಣ್ಣಿಗೆ ಕಾಣ್ತಿದ್ರು. ಇವತ್ತು ಯಾರೂ ತಡೆಯಲ್ಲ. ಏಳೂವರೆಗೆ ವ್ಯಾನ್ ಬರುತ್ತೆ, ಅಷ್ಟೇ.

ಬೆಟ್ಟದ ಕಥೆಯೂ ಇದೇ. ಎವರೆಸ್ಟ್ ಏರಿದ ಮೊದಲ ಮಹಿಳೆ ಜಪಾನಿನ ಜುಂಕೊ ತಾಬೆಯ್. ಆಕೆ 1975ರಲ್ಲಿ ಅಲ್ಲಿ ನಿಂತಾಗ ಊರಲ್ಲಿ ಪುಟ್ಟ ಮಗಳಿದ್ದಳು. ದುಡ್ಡು ಸೇರಿಸೋಕೆ ಓಡಾಡುವಾಗ, ಹೆಂಗಸರು ಮನೇಲಿದ್ದು ಮಕ್ಕಳನ್ನ ನೋಡ್ಕೋಬೇಕು ಅಂತ ಹೇಳಿಸಿಕೊಂಡಿದ್ದನ್ನ ಆಕೆಯೇ ನೆನಪಿಸಿಕೊಂಡಿದ್ದಾರೆ. ನಾನು ಬೆಟ್ಟಕ್ಕೆ ಹೊರಟಾಗ ಈವರೆಗೆ ಒಬ್ಬರೂ "ಮಗಳನ್ನ ಯಾರು ನೋಡ್ಕೋತಾರೆ?" ಅಂತ ಕೇಳಿಲ್ಲ.

ಈಗ ನನ್ನ "ಕುಟುಂಬ ಪ್ರವಾಸ"ಕ್ಕೆ ಬರ್ತೀನಿ. ಮೂರರಲ್ಲಿ ಒಂದು ಕುಕ್ಕೆ. ನಿಜ ಹೇಳಬೇಕು ಅಂದ್ರೆ ನಾನು ಹೋಗಿದ್ದು ಕುಮಾರ ಪರ್ವತಕ್ಕೆ. 2024ರ ಜನವರಿಯಲ್ಲಿ ಅಲ್ಲಿ ಜಾತ್ರೆಯ ಹಾಗೆ ಜನ ಮುಗಿಬಿದ್ದಿದ್ದು ನೆನಪಿರಬಹುದು. ಅದಾದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ತಂತು. ಮನೆಯಿಂದ ನಾಲ್ಕು ಜನ ಹೊರಟಿದ್ವಿ, ನಾನು ಬುಕ್ ಮಾಡಿದ್ದು ಒಂದೇ ಟಿಕೆಟ್. ಕತ್ತಲಿರುವಾಗ ಹೋದವನು, 1,712 ಮೀಟರ್ ತುದಿ ಮುಟ್ಟಿ, ಇಳಿದು ಬರೋ ಹೊತ್ತಿಗೆ ಮತ್ತೆ ಕತ್ತಲಾಗಿತ್ತು. ಅಷ್ಟು ಹೊತ್ತೂ ಮೊಣಕಾಲು ನೋವಿನ ಅಮ್ಮ, ಬೋರಾದ ಮಗಳು, ಇಬ್ಬರನ್ನೂ ಸುಧಾರಿಸಿಕೊಂಡು ಅವಳು ಲಾಡ್ಜ್ ರೂಮಲ್ಲಿ. ನಾನು ಅದನ್ನ ಬೆಟ್ಟದ ಪಟ್ಟಿಯಲ್ಲೂ ಬರೆದಿದ್ದೆ, ಕುಟುಂಬ ಪ್ರವಾಸದ ಪಟ್ಟಿಯಲ್ಲೂ ಬರೆದಿದ್ದೆ. ಒಂದೇ ಬಿಲ್ಲಿಗೆ ಎರಡು ಸಲ ದುಡ್ಡು ತಗೊಂಡ ಹಾಗೆ :-)

ಅಮ್ಮನ ವಿಷಯವನ್ನೂ ಹೇಳಿಬಿಡ್ತೀನಿ. ನಾವು ಮೈಸೂರಿನವರು. ಆಷಾಢದಲ್ಲಿ ಅಮ್ಮ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತೋರು. ಸಾವಿರಕ್ಕೂ ಹೆಚ್ಚು ಮೆಟ್ಟಿಲು. ಬರಿಗಾಲು. ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚಿ, ಎದ್ದು, ಮತ್ತೆ ಬಗ್ಗಿ.. ಸಾವಿರ ಸಲ! ನಾನು ಕೈಗಡಿಯಾರ ನೋಡ್ಕೊಂಡು ಅದೇ ಮೆಟ್ಟಿಲು ದಡದಡ ಹತ್ತಿ, ಮೇಲೆ ನಿಂತು ನಿಮಿಷ ಹೇಳ್ತಿದ್ದೆ. ಎಲ್ಲರೂ ಶಭಾಷ್ ಅನ್ನೋರು. ಅಮ್ಮ ಎಷ್ಟು ಹೊತ್ತಲ್ಲಿ ಹತ್ತಿದ್ರು, ಸೊಂಟ ಏನಾಯ್ತು ಅಂತ ಯಾರೂ ಕೇಳಲಿಲ್ಲ. ನನ್ನದು ಸಾಧನೆ, ಅಮ್ಮನದು ಹರಕೆ! ದೇವರ ಹೆಸರು ಇಲ್ಲದೇ ಹೋಗಿದ್ರೆ ಅಮ್ಮನಿಗೆ ಅಡುಗೆಮನೆಯಿಂದ ಅರ್ಧ ದಿನದ ರಜೆ ಸಿಗ್ತಿತ್ತಾ ಅಂತ ಈಗ ಅನ್ನಿಸುತ್ತೆ.

"ನಾನು ಗಟ್ಟಿಯಾಗಿದ್ರೆ ತಾನೇ ಮನೆ ನಡೆಯೋದು?" ಅಂತ ಇನ್ನೊಂದು ಮಾತಿದೆ. ಸರಿ. ಅವಳ ಎದೆ, ಅವಳ ಮಂಡಿ, ಅವಳ ನಿದ್ದೆ ಕೆಟ್ಟರೆ ನಡೆಯುತ್ತಾ? ಆರೋಗ್ಯ ಅಂತ ಹೊರಟ ಮೇಲೆ ಮನೆಯಲ್ಲಿ ಒಬ್ಬರಿಗೆ ಮಾತ್ರ ಅನ್ನೋದು ಯಾವ ನ್ಯಾಯ?

ಓಡಬೇಡಿ ಅಂತ ನಾನು ಹೇಳ್ತಿಲ್ಲ. ನಾನೂ ಬಿಡಲ್ಲ. ಆದ್ರೆ ಬೆಳಗ್ಗೆಯನ್ನ ಹಂಚಿಕೊಳ್ಳದೆ ಓಡೋದು ಕದ್ದು ಓಡೋದೇ. ಆ ರಾತ್ರಿಯ ಮರುದಿನವೇ, ಮಂಗಳವಾರ, ಶುಕ್ರವಾರ ನಿನ್ನದು ಅಂದೆ. ಸುಮ್ಮನಿರದೆ, "ನೀನೂ ವಾಕಿಂಗ್ ಹೋಗು, ಒಳ್ಳೇದು" ಅಂತ ಸೇರಿಸಿದೆ.

"ಬೆಳಗ್ಗೆ ನನಗೆ ಕೊಟ್ಟಿರೋ, ಇಲ್ಲಾ ಅದಕ್ಕೂ ನೀವೇ ಟೈಮ್ ಟೇಬಲ್ ಹಾಕ್ತೀರೋ?" ಅಂದಳು.

ಬಾಯಿ ಮುಚ್ಚಿಕೊಂಡೆ. ಅವಳು ಓಡೋದೂ ಇಲ್ಲ, ನಡೆಯೋದೂ ಇಲ್ಲ. ಆ ಎರಡು ದಿನ ಏಳು ಗಂಟೆವರೆಗೆ ಮಲಗ್ತಾಳೆ. ಅದು ಅವಳ ಇಷ್ಟ. ನನ್ನ ಮೊದಲನೇ ಚಿತ್ರಾನ್ನದ ಡಬ್ಬಿ ಅರ್ಧ ವಾಪಸ್ ಬಂತು. ಜಡೆ ನೋಡಿ ಮಗಳು, "ಅಪ್ಪ, ಇದು ಸ್ಕೂಲ್ ಹೋಗೋ ಅಷ್ಟರಲ್ಲಿ ಬಿಚ್ಚೋಗತ್ತೆ" ಅಂದಳು. ಹಾಗೇ ಆಯ್ತಂತೆ. ಆ ದಿನ ಆಫೀಸಿಗೆ ಹೊರಟಾಗ, ಐದು ಕಿಮೀ ಓಡಿದ ದಿನಕ್ಕಿಂತ ಹೆಚ್ಚು ಸುಸ್ತಾಗಿತ್ತು.

ಹಾಗಾಗಿ ತಿದ್ದಿದ ಲೆಕ್ಕ ಇಲ್ಲಿದೆ. ಓಟ 1,020 ಕಿಮೀ. ಎರಡು ವಾರದಲ್ಲಿ ನಾಲ್ಕು ಬೆಳಗ್ಗೆ ಬಿಟ್ಟುಕೊಟ್ಟಿದ್ದಕ್ಕೆ 20 ಕಮ್ಮಿ. ಬೆಟ್ಟ ಐದು. ಕುಟುಂಬ ಪ್ರವಾಸ ಎರಡೇ, ಕುಕ್ಕೆಯನ್ನ ತೆಗೆದಿದ್ದೀನಿ. ಅವಳು ಕಟ್ಟಿದ ಡಬ್ಬಿ, ಸ್ಕೂಲ್ ಇದ್ದಷ್ಟು ದಿನ. ನಾನು ಕಟ್ಟಿದ್ದು, ನಾಲ್ಕು.

ಈ ನಾಲ್ಕನ್ನ ಬರೆಯೋಕೆ ನಿಜಕ್ಕೂ ನಾಚಿಕೆ ಆಯ್ತು. ಮುಂದಿನ ಡಿಸೆಂಬರಲ್ಲಿ ಇದು ನೂರು ದಾಟಿರಬೇಕು. ದಾಟದೇ ಇದ್ರೆ ಉಳಿದ ಅಂಕಿಗಳನ್ನ ಬರೆಯೋ ಮುಖ ನನಗಿರಲ್ಲ.

ನಿಮ್ಮ ಲೆಕ್ಕನೂ ಬರೀರಿ, ಓದ್ತೀನಿ. ಆದ್ರೆ ಹಾಕೋ ಮುಂಚೆ ಮನೇಲಿ ಒಂದ್ಸಲ ಓದಿ ಹೇಳಿ. ಧೈರ್ಯ ಇದೆ ತಾನೆ?