ವಾಂತಿಗೆ ಮೂಗಿನ ಮೂಲಕ ಮದ್ದು

ಬಸ್ಸಿನ ಪ್ರಯಾಣದಲ್ಲಿ ಹೊಟ್ಟೆ ತೊಳಸುವುದು ಅನೇಕರ ಅನುಭವ. ಊರು ಮುಟ್ಟಿದೊಡನೆ ಅದು ಶಮನವಾಗುತ್ತದೆ. ಆದರೆ ಅರ್ಬುದ ರೋಗಕ್ಕಾಗಿ ಕಿಮೋಥೆರಪಿ ಪಡೆಯುತ್ತಿರುವವರ ವಾಕರಿಕೆ ಅಂತಹುದಲ್ಲ. ನುಂಗಿದ ಗುಳಿಗೆ ಕರಗುವ ಮೊದಲೇ ಹೊರಬೀಳುವುದುಂಟು. ವಾಂತಿ ನಿಲ್ಲಿಸಬೇಕಾದ ಮದ್ದೇ ವಾಂತಿಯಾಗಿ ಹೋದರೆ ಮನೆಯವರು ಮಾಡುವುದೇನು? ಅನ್ನ ನೀರು ಸೇರದೆ ಬಳಲಿದ ರೋಗಿಯು ‘ಇನ್ನು ಚಿಕಿತ್ಸೆಯೇ ಬೇಡ’ ಎಂದು ಕೈಚೆಲ್ಲುವ ಪ್ರಸಂಗಗಳೂ ಇವೆ. ಆದ್ದರಿಂದಲೇ ವಿಜ್ಞಾನಿಗಳು ಹೊಟ್ಟೆಯನ್ನು ಬಿಟ್ಟು ಮೂಗಿನ ದಾರಿಯನ್ನು ಅರಸುತ್ತಿದ್ದಾರೆ.

ಈ ದಾರಿ ನಮಗೆ ಹೊಸದಲ್ಲ. ಆಯುರ್ವೇದದ ಪಂಚಕರ್ಮಗಳಲ್ಲಿ ನಸ್ಯವೂ ಒಂದು. ಮೂಗಿನ ಒಳಗಿನ ಲೋಳೆಪೊರೆ ತೆಳುವಾದುದು. ಅದರ ಕೆಳಗೆ ರಕ್ತನಾಳಗಳು ದಟ್ಟವಾಗಿ ಹಬ್ಬಿವೆ. ಅಲ್ಲಿ ಹೀರಲ್ಪಟ್ಟ ಔಷಧವು ಮೊದಲು ಯಕೃತ್ತಿಗೆ ಹೋಗದೆ ನೇರವಾಗಿ ರಕ್ತವನ್ನು ಸೇರುತ್ತದೆ. ಇದರ ಮಹತ್ವವನ್ನು ಡೊಂಪೆರಿಡೋನ್ ಎಂಬ ಪರಿಚಿತ ಮಾತ್ರೆಯಿಂದ ತಿಳಿಯಬಹುದು. ಜಠರದ ಆಮ್ಲದಲ್ಲಿ ಕರಗುವ ಈ ಔಷಧವು ಕರುಳಿನಲ್ಲಿ ಸುಲಭವಾಗಿ ಕರಗದು. ಹೀರಲ್ಪಟ್ಟುದರಲ್ಲಿಯೂ ಬಹುಪಾಲನ್ನು ಕರುಳಿನ ಗೋಡೆ ಮತ್ತು ಯಕೃತ್ತು ಮಾರ್ಪಡಿಸಿಬಿಡುತ್ತವೆ. ಕೊನೆಗೆ ರಕ್ತಕ್ಕೆ ದಕ್ಕುವುದು ನುಂಗಿದುದರಲ್ಲಿ ಸುಮಾರು ನೂರಕ್ಕೆ 15 ಭಾಗ ಮಾತ್ರ.

ಮೂಗಿಗೂ ತನ್ನದೇ ಮಿತಿಗಳಿವೆ. ಒಂದು ಹೊಳ್ಳೆ ಹಿಡಿಯುವುದು ಹೆಚ್ಚೆಂದರೆ ಎರಡು ಮೂರು ಹನಿ. ನೀರಿನಲ್ಲಿ ಕರಗದ ಮದ್ದನ್ನು ಅಷ್ಟರಲ್ಲಿಯೇ ಅಡಗಿಸಬೇಕು. ಅಲ್ಲದೆ ಮೂಗಿನೊಳಗಿನ ಸೂಕ್ಷ್ಮ ರೋಮಗಳು ಹಾಕಿದ ದ್ರವವನ್ನು 15–20 ನಿಮಿಷಗಳಲ್ಲಿ ಬಹುಮಟ್ಟಿಗೆ ಗಂಟಲಿಗೆ ಸಾಗಿಸಿಬಿಡುತ್ತವೆ.

ಮೊದಲನೆಯ ತೊಡಕಿಗೆ ಪಿಷ್ಟದಿಂದ ತಯಾರಾಗುವ ಸೈಕ್ಲೋಡೆಕ್ಸ್‌ಟ್ರಿನ್ ಒಂದು ಪರಿಹಾರ. ಇದರ ಅಣು ಉಂಗುರದಂತಿದ್ದು, ಹೊರಮೈ ನೀರಿಗೆ ಒಗ್ಗುತ್ತದೆ, ಒಳಟೊಳ್ಳಿನಲ್ಲಿ ನೀರಿಗೊಗ್ಗದ ಔಷಧ ಕುಳಿತುಕೊಳ್ಳುತ್ತದೆ. ಔಷಧವನ್ನು ಅತಿಸೂಕ್ಷ್ಮ ಕಣಗಳಾಗಿ ಅರೆಯುವುದು ಇನ್ನೊಂದು ಉಪಾಯ. 2003ರಲ್ಲಿ ಅಮೆರಿಕದಲ್ಲಿ ಮಂಜೂರಾದ ಅಪ್ರೆಪಿಟಾಂಟ್ ಎಂಬ ವಾಂತಿನಿರೋಧಕ ಕ್ಯಾಪ್ಸೂಲು ಇದೇ ವಿಧಾನದ್ದು. ಎರಡನೆಯ ತೊಡಕಿಗೆ ಜೆಲ್ ಉತ್ತರವಾಗಿದೆ. ಪೊಲೊಕ್ಸಾಮರ್ 407 ಬೆರೆಸಿದ ದ್ರಾವಣವು ತಣ್ಣಗಿರುವಾಗ ನೀರಿನಂತೆ ಹರಿಯುತ್ತದೆ. ಮೂಗಿನ ಬಿಸುಪು ತಗುಲಿದೊಡನೆ ಗಟ್ಟಿಯಾಗಿ ಪೊರೆಗೆ ಅಂಟಿಕೊಳ್ಳುತ್ತದೆ. ಜೆಲ್ಲನ್ ಎಂಬ ಅಂಟು ಮೂಗಿನ ದ್ರವದಲ್ಲಿರುವ ಲವಣಗಳ ಸಂಪರ್ಕದಿಂದ ಗಟ್ಟಿಯಾಗುತ್ತದೆ. ಆದರೆ ಹದ ಮುಖ್ಯ: ತೆಳುವಾದರೆ ಸೋರಿಹೋಗುತ್ತದೆ, ಮಂದವಾದರೆ ಔಷಧವು ಒಳಗೇ ಸಿಕ್ಕಿಬೀಳುತ್ತದೆ. ಪೊರೆಗೂ ರೋಮಗಳಿಗೂ ಹಾನಿಯಾಗಬಾರದು.

ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಮುಂದೆ ಬಿದ್ದಿದೆ. ಮಧುಮೇಹದಿಂದ ಜಠರದ ಚಲನೆ ಮಂದವಾದ ವಯಸ್ಕರಿಗಾಗಿ ಮೆಟೊಕ್ಲೊಪ್ರಮೈಡ್ ಮೂಗಿನ ಸಿಂಪಡಿಕೆಗೆ 2020ರ ಜೂನ್‌ನಲ್ಲಿ ಅಮೆರಿಕವು ಅನುಮತಿ ನೀಡಿತು. ಅದು ಜೆಲ್ ಅಲ್ಲ. ಅದರಲ್ಲಿರುವುದು ನೀರಿನಲ್ಲಿ ಕರಗುವ ಔಷಧ. ಕರಗದ ಔಷಧಗಳ ಜೆಲ್‌ಗಳು ಹೆಚ್ಚಾಗಿ ಪ್ರಯೋಗಾಲಯಗಳ ಹಂತದಲ್ಲಿಯೇ ಇವೆ.

ದಾರಿ ಬದಲಾದ ಮಾತ್ರಕ್ಕೆ ಔಷಧದ ದೋಷಗಳು ಅಳಿಯುವುದಿಲ್ಲ. ಮೆಟೊಕ್ಲೊಪ್ರಮೈಡ್ ಅನ್ನು ದೀರ್ಘಕಾಲ ಬಳಸಿದರೆ ಮುಖ, ನಾಲಿಗೆಗಳಲ್ಲಿ ಹಿಡಿತಕ್ಕೆ ಬಾರದ ಚಲನೆ ಉಂಟಾಗಬಹುದು. ಡೊಂಪೆರಿಡೋನ್ ಹೃದಯದ ಬಡಿತವನ್ನು ಏರುಪೇರು ಮಾಡಬಹುದೆಂದು 2014ರಲ್ಲಿ ಯುರೋಪು ಅದರ ಬಳಕೆಗೆ ಮಿತಿ ಹಾಕಿತು.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಗುಳಿಗೆಯನ್ನು ಪುಡಿಮಾಡಿ ಎಣ್ಣೆಯಲ್ಲೋ ತುಪ್ಪದಲ್ಲೋ ಕಲಸಿ ಮೂಗಿಗೆ ಬಿಡುವ ಸಾಹಸ ಸರ್ವಥಾ ಬೇಡ. ಮಾತ್ರೆ ಉಳಿಯುತ್ತಿಲ್ಲವೆಂದು ಸಂಕೋಚವಿಲ್ಲದೆ ವೈದ್ಯರಿಗೆ ತಿಳಿಸಿರಿ. ನಾಲಿಗೆಯ ಮೇಲೆ ಕರಗುವ ಮಾತ್ರೆ, ಚುಚ್ಚುಮದ್ದು ಮುಂತಾದ ಉಪಾಯಗಳು ಅವರಲ್ಲಿವೆ. ನೀರೂ ನಿಲ್ಲದೆ, ಮೂತ್ರ ಕಡಿಮೆಯಾಗಿ, ರೋಗಿಯು ಮಂಕಾದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ವಾಕರಿಕೆಯನ್ನು ಸಹಿಸಿಕೊಂಡಿರುವುದೇ ರೋಗಿಯ ಧರ್ಮವೆಂದು ಭಾವಿಸಬೇಕಾಗಿಲ್ಲ. ಅದನ್ನು ತಡೆಯುವುದೂ ಚಿಕಿತ್ಸೆಯ ಒಂದು ಅಂಗವೇ ಆಗಿದೆ.